‘ಎಲ್ಲೂ ಸಿಗಲಿಲ್ಲ ಸಾರ್’ ಅಂದರೆ ಸಾಲದು

ಪ್ರಶ್ನೆ: ಹತ್ತಿ ಬಟ್ಟೆಗೆ ಮೊದಲು ಸಿಲಿಕಾ ನ್ಯಾನೋ ಕಣ, ಆಮೇಲೆ ಸಿಲೇನ್ (ನೀರು ಅಂಟದಂತೆ ಮಾಡುವ ರಾಸಾಯನಿಕ) ಹಚ್ಚಿ 80 ಡಿಗ್ರಿಯಲ್ಲಿ ಒಣಗಿಸುತ್ತೇನೆ. ನೀರು ನಿಲ್ಲದೆ ಉರುಳಿ ಹೋಗುತ್ತದೆ. ಇದೇ ವಿಧಾನ ಎಷ್ಟು ಹುಡುಕಿದರೂ ಎಲ್ಲೂ ಸಿಗಲಿಲ್ಲ. ಪೇಟೆಂಟ್ ಸಿಗುತ್ತೆ ಅಲ್ವಾ?

ಉತ್ತರ: ಮತ್ತೆ ಅದೇ ಪ್ರಶ್ನೆ! ಎಲ್ಲೂ ಸಿಗದಿದ್ದರೆ ಅದು ಹೊಸದು, ಅಷ್ಟೇ. 1970ರ ಪೇಟೆಂಟ್ ಕಾಯ್ದೆಯ 2(1)(ಜೆಎ) ಕಲಂ ಕೇಳುವುದೇ ಬೇರೆ: ಈ ಕಸುಬು ಬಲ್ಲವನಿಗೆ ಇದು ತಾನಾಗಿ ಹೊಳೆಯುತ್ತಿತ್ತೇ? ಪಾತ್ರೆಗಳನ್ನು ಲೇತಿಗೆ ಹಿಡಿಸುವ ಸಾಧನದ ಪೇಟೆಂಟನ್ನು 1978ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಉಳಿಸಲಿಲ್ಲ. ಅದು ಬರೀ ವರ್ಕ್‌ಶಾಪ್ ಸುಧಾರಣೆ ಅಂದಿತು.

ಮೇಲ್ಮೈ ತರಿತರಿಯಾಗಿದ್ದು ಮೇಣದ ಗುಣವೂ ಇದ್ದರೆ ನೀರು ಅಂಟದು. ಕೆಸುವಿನ ಎಲೆ ನೋಡಿದವರಿಗೆಲ್ಲ ಇದು ಗೊತ್ತು. ತಾವರೆ ಎಲೆಯ ಗುಟ್ಟನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲೇ ವಿವರಿಸಿದ್ದಾರೆ. ತರಿಗೆ ಸಿಲಿಕಾ, ಮೇಣದ ಬದಲು ಸಿಲೇನ್. ಇಷ್ಟೇ ಆದರೆ ಪೇಟೆಂಟ್ ಕಚೇರಿಯ ಪರೀಕ್ಷಕರು ಎರಡು ಹಳೆಯ ಪ್ರಬಂಧ ಮುಂದಿಟ್ಟು ನಿಮ್ಮ ಅರ್ಜಿ ಮುಗಿಸುತ್ತಾರೆ.

ನನಗೆ ಕುತೂಹಲ ಇರುವುದು ಆ 80 ಡಿಗ್ರಿಯ ಮೇಲೆ. ನೀವು ಅದನ್ನು ಒಂದೇ ಮಾತಲ್ಲಿ ತೇಲಿಸಿಬಿಟ್ಟಿದ್ದೀರಿ! ಕಾವು ಸ್ವಲ್ಪ ಇಳಿಸಿ ನೋಡಿದ್ದೇನೆ ಅಂದರೆ ಅದು ಯಾರಾದರೂ ಮಾಡುವ ಪ್ರಯೋಗ. ಆದರೆ ಹಳೆಯ ಬರಹಗಳು ‘ಕಡಿಮೆ ಕಾವಿನಲ್ಲಿ ಲೇಪ ತೊಳೆದು ಹೋಗುತ್ತದೆ’ ಅನ್ನುತ್ತಿದ್ದು, ನಿಮ್ಮದು ನಿಂತರೆ, ಅಲ್ಲಿ ಹುರುಳಿದೆ. ಅದೇ ಬಟ್ಟೆ, ಅದೇ ಸಿಲೇನ್ ಇಟ್ಟುಕೊಂಡು 80, 100, 120, 140 ಡಿಗ್ರಿಯಲ್ಲಿ ಮಾಡಿ. 20 ಸಲ ಒಗೆಯಿರಿ. ಪ್ರತಿ ಸಲವೂ ನೀರಹನಿ ಬಟ್ಟೆಗೆ ತಾಗುವ ಕೋನ ಅಳೆಯಿರಿ. ಅಂಕಿಗಳನ್ನು ಅರ್ಜಿಯಲ್ಲೇ ಬರೆಯಿರಿ, ಆಮೇಲೆ ನೋಡೋಣ ಅನ್ನಬೇಡಿ. ನಾನಂತೂ ಅಂಕಿ ಇಲ್ಲದ ಕಡತ ಮುಟ್ಟುವುದಿಲ್ಲ.

ಪರೀಕ್ಷಕರೂ ತಪ್ಪುತ್ತಾರೆ ಅನ್ನಿ. ಉತ್ತರ ನೋಡಿದ ಮೇಲೆ ಎಲ್ಲ ಲೆಕ್ಕವೂ ಸುಲಭ. ‘ಈ ಎರಡು ಪ್ರಬಂಧ ಜೋಡಿಸಲು ಆಗ ಕಾರಣ ಏನಿತ್ತು?’ ಅಂತ ಧೈರ್ಯವಾಗಿ ಕೇಳಿ.

ಉಳಿದವರಿಗೆ:

ಬಟ್ಟೆಗೆ ಜೇನುಮೇಣ ತಿಕ್ಕುವ ‘ನಮ್ಮಜ್ಜನ ವಿಧಾನ’ದವರೇ, ಅಜ್ಜನದ್ದು ಅಂತ ನೀವೇ ಬರೆದಿದ್ದೀರಿ. ಮುಗೀತು.

ಯೂಟ್ಯೂಬಿಗೆ ಹಾಕಿ ಆಮೇಲೆ ಅರ್ಜಿ ಕೊಡಬಹುದಾ ಅಂದವರೇ, ಸುಮ್ನೆ ವಿಡಿಯೊ ಇಟ್ಟುಕೊಂಡು ಕೂತಿರಿ. ಮೊದಲು ಅರ್ಜಿ.

‘ವಿಶ್ವ ಪೇಟೆಂಟ್’ ಕೊಡಿಸುತ್ತೇನೆ ಅಂದ ಏಜೆಂಟಿಗೆ ದುಡ್ಡು ಕೊಟ್ಟಿದ್ದರೆ ವಾಪಸ್ ಕೇಳಿ. ಅಂಥ ಪೇಟೆಂಟೇ ಇಲ್ಲ.