ಸಯಾಮ್ (ಇಂದಿನ ಥಾಯ್ಲೆಂಡ್) ಒಪ್ಪಂದದ ಬೌರಿಂಗ್, ಮೈಸೂರಿನ ಬೌರಿಂಗ್ ಒಬ್ಬನೇನಾ?

ಬೌರಿಂಗ್ ಬಗ್ಗೆ ನೀವು ಬರೆದಿಟ್ಟ ಟಿಪ್ಪಣಿಯಲ್ಲಿ ಬಹುಶಃ ಇಬ್ಬರು ಬ್ರಿಟಿಷ್ ಅಧಿಕಾರಿಗಳು, ಅಪ್ಪ ಸರ್ ಜಾನ್ ಮತ್ತು ಮಗ ಲೆವಿನ್, ಬೆರೆತಿದ್ದಾರೆ. ಅದಕ್ಕೇ 1855ರಲ್ಲಿ ಬ್ಯಾಂಕಾಕ್‌ನ ಒಪ್ಪಂದ, 1862ರಲ್ಲಿ ಮೈಸೂರಿನ ಹುದ್ದೆ ಒಬ್ಬನ ಖಾತೆಗೇ ಬಿದ್ದಿವೆ.

ಮೊದಲು ಇನಿಷಿಯಲ್ ನೋಡಿ. ‘ಎಲ್.ಬಿ.’ ಇದ್ದರೆ ಮಗ ಲೆವಿನ್ ಬೆಂಥಮ್: 1862ರಿಂದ 1870ರವರೆಗೆ ಮೈಸೂರು ಕಮಿಷನರ್. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಇವನ ಹೆಸರಿನದು. ಇವನನ್ನು ಬೇರೆ ಪುಟಕ್ಕೆ ಹಾಕಿ.

ಉಳಿದದ್ದು ಸರ್ ಜಾನ್‌ನದು. 1849ರಲ್ಲಿ ಚೀನಾದ ಕ್ಯಾಂಟನ್‌ನಲ್ಲಿ ಬ್ರಿಟಿಷ್ ಕಾನ್ಸಲ್ (ಸರ್ಕಾರದ ಪ್ರತಿನಿಧಿ), 1854ರಿಂದ 1859ರವರೆಗೆ ಹಾಂಗ್‌ಕಾಂಗ್ ಗವರ್ನರ್. ಸಯಾಮಿನ ಆಮದು ಸುಂಕವನ್ನು ಶೇ. 3ಕ್ಕೆ ಕಟ್ಟಿಹಾಕಿದ ಒಪ್ಪಂದ ಇವನದೇ.

ಕೊನೆಗೆ 1856ರ ‘ಆ್ಯರೋ’ ಹಡಗಿನ ಪ್ರಕರಣ ಸೇರಿಸಿ, ದಯವಿಟ್ಟು ಬಿಡಬೇಡಿ. ಚೀನಾ ಅಧಿಕಾರಿಗಳು 12 ನಾವಿಕರನ್ನು ಹಿಡಿದಾಗ ಆ ಹಡಗಿನ ಹಾಂಗ್‌ಕಾಂಗ್ ನೋಂದಣಿ ಮುಗಿದೇ ಹೋಗಿತ್ತು. ಅದು ಗೊತ್ತಿದ್ದೂ, ಹಡಗು ಬ್ರಿಟಿಷರದೇ ಎಂಬ ಪಟ್ಟನ್ನು ಜಾನ್ ಸಡಿಲಿಸಲಿಲ್ಲ. ಬ್ರಿಟನ್, ಚೀನಾ ನಡುವಿನ ಎರಡನೇ ಅಫೀಮು ಯುದ್ಧ ಅಲ್ಲಿಂದಲೇ ಹೊತ್ತಿಕೊಂಡಿತು.