ಸೊಳ್ಳೆ ಹೇಳುವುದೆಷ್ಟು, ನಾವು ಕೇಳಿಸಿಕೊಂಡಿದ್ದೆಷ್ಟು?

ಮಾನ್ಯರೇ,

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರಾದ ನೀವು ಎರಡು ಪ್ರಶ್ನೆ ಕೇಳಿದ್ದೀರಿ. 2023ರಲ್ಲಿ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ, ಗರ್ಭದ ಶಿಶುವಿಗೂ ಅಪಾಯ ತರಬಲ್ಲ ಝೀಕಾ ವೈರಸ್ ಸಿಕ್ಕಿತೆಂದು ಸುತ್ತಲ ಊರುಗಳೆಲ್ಲ ಬೆಚ್ಚಿದವು, ಆದರೆ ಒಬ್ಬರಿಗೂ ಕಾಯಿಲೆ ಬರಲಿಲ್ಲ. ಹಾಗಾದರೆ ಆ ಪರೀಕ್ಷೆಯೇ ತಪ್ಪಾಗಿತ್ತೆ? ರೋಗಿಗಳೇ ಇಲ್ಲದ ಕಡೆ ಸೊಳ್ಳೆ ಹಿಡಿಯುತ್ತ, ಹೊಗೆ ಬಿಟ್ಟು ರೇಷ್ಮೆಹುಳುಗಳಿಗೆ ಆಪತ್ತು ತರುವುದರಿಂದ ಯಾರಿಗೆ ಲಾಭ?

ಪರೀಕ್ಷೆ ತಪ್ಪಾಗಿತ್ತೆನ್ನಲು ಕಾರಣ ಕಾಣುವುದಿಲ್ಲ. ಅದು ಹೇಳಿದ್ದಕ್ಕಿಂತ ಹೆಚ್ಚಿನದನ್ನು ನಾವು ಕೇಳಿಸಿಕೊಂಡೆವು; ಆ ತಪ್ಪಿನಲ್ಲಿ ಪತ್ರಿಕೆಯವರಿಗೂ ಪಾಲಿದೆ. ಆಗ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಹೋದ ಆರು ಮಾದರಿಗಳಲ್ಲಿ ಒಂದರಲ್ಲಿ ಮಾತ್ರ ವೈರಸ್ ಕಂಡಿತ್ತು. ಇಲ್ಲಿ ಮಾದರಿ ಎಂದರೆ ಒಂದು ಸೊಳ್ಳೆಯಲ್ಲ. ಒಂದೇ ಜಾತಿಯ, ಒಂದೇ ಜಾಗದಲ್ಲಿ ಹಿಡಿದ ಹತ್ತಾರು ಹೆಣ್ಣು ಸೊಳ್ಳೆಗಳನ್ನು ಒಟ್ಟಿಗೆ ಅರೆದು, ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆಗೆ ಒಡ್ಡುತ್ತಾರೆ. ಆದ್ದರಿಂದ ಆ ಗುಂಪಿನಲ್ಲಿ ಒಂದಾದರೂ ಸೊಳ್ಳೆಯಲ್ಲಿ ವೈರಸ್ ಇತ್ತೆಂದು ತಿಳಿಯುತ್ತದೆಯೇ ಹೊರತು ಎಷ್ಟರಲ್ಲಿ ಇತ್ತೆಂಬುದು ತಿಳಿಯುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಸೋಂಕಿತರ ರಕ್ತ ಹೀರಿದ ಸೊಳ್ಳೆ ಮರುದಿನವೇ ರೋಗ ಹರಡಲಾರದು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ತಲುಪಲು ಒಂದು ವಾರಕ್ಕೂ ಹೆಚ್ಚು ಕಾಲ ಬೇಕು. ಇಡೀ ಸೊಳ್ಳೆಯನ್ನು ಅರೆದಾಗ ಸಿಕ್ಕಿದ ವೈರಸ್ ಆಗಷ್ಟೇ ಹೀರಿದ ರಕ್ತದ್ದೋ ಜೊಲ್ಲಿನದೋ ಎಂದು ಹೇಳಲಾಗದು.

ನಿಮ್ಮ ಇನ್ನೊಂದು ಮಾತನ್ನು ತುಸು ತಿದ್ದಬೇಕು. ಗರ್ಭಿಣಿಯರ ಮತ್ತು ಜ್ವರವಿದ್ದವರ ರಕ್ತಪರೀಕ್ಷೆಯಲ್ಲಿ ಸೋಂಕು ಪತ್ತೆಯಾಗಲಿಲ್ಲ ಎನ್ನುವುದು ಸರಿ. ಯಾರಿಗೂ ಬರಲೇ ಇಲ್ಲ ಎನ್ನಲಾಗದು, ಏಕೆಂದರೆ ಝೀಕಾ ತಗುಲಿದ ಐವರಲ್ಲಿ ಸುಮಾರು ನಾಲ್ವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಆಸ್ಪತ್ರೆಗೆ ಬಾರದವರ ಸುದ್ದಿ ಆಸ್ಪತ್ರೆಯ ಪುಸ್ತಕದಲ್ಲಿ ಸಿಗುವುದಿಲ್ಲ; ಸೊಳ್ಳೆ ಹಿಡಿಯುವುದು ಅದಕ್ಕಾಗಿಯೇ. ಈ ವೈರಸ್ಸಿನ ಪರಿಚಯವಾದದ್ದೂ ಹೀಗೆಯೇ: ಉಗಾಂಡದ ಝೀಕಾ ಕಾಡಿನಲ್ಲಿ 1947ರಲ್ಲಿ ಕೋತಿಯೊಂದರಲ್ಲಿ, ಮರುವರ್ಷ ಸೊಳ್ಳೆಗಳಲ್ಲಿ ಅದು ಸಿಕ್ಕಿತು, ಮನುಷ್ಯರ ಸರದಿ ಆಮೇಲಿನದು. ನಮ್ಮ ಅವಿಭಜಿತ ಕೋಲಾರ ಜಿಲ್ಲೆಯನ್ನು 1970ರ ದಶಕದ ಕೊನೆಯಲ್ಲಿ ಕಾಡಿದ ಜಪಾನೀಸ್ ಮಿದುಳು ಜ್ವರದಲ್ಲಂತೂ ವೈರಸ್ ಬೆಳೆಯುವುದು ಹಂದಿಗಳಲ್ಲಿ, ಬೆಳ್ಳಕ್ಕಿಗಳಲ್ಲಿ. ಗದ್ದೆಯ ಕ್ಯೂಲೆಕ್ಸ್ ಸೊಳ್ಳೆಯಿಂದ ಮನುಷ್ಯನಿಗೆ ಅದು ತಗುಲುವ ವೇಳೆಗೆ ತಡವಾಗಿರುತ್ತದೆ.

ಹಾಗೆಂದು ಸಮೀಕ್ಷೆ ನಡೆದ ರೀತಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆಗಸ್ಟಿನಲ್ಲಿ ಹಿಡಿದ ಸೊಳ್ಳೆಗಳ ವರದಿ ಬಂದದ್ದು ಅಕ್ಟೋಬರ್ ಕೊನೆಯ ವಾರದಲ್ಲಿ. ಝೀಕಾ ಹರಡುವ ಈಡಿಸ್ ಸೊಳ್ಳೆಯ ಆಯಸ್ಸು ಎರಡರಿಂದ ನಾಲ್ಕು ವಾರ. ಸುದ್ದಿ ತಂದ ಸೊಳ್ಳೆಯ ಓರಗೆಯವೆಲ್ಲ ಸತ್ತು, ಅವುಗಳ ಮಕ್ಕಳು ಮೊಮ್ಮಕ್ಕಳು ಹಾರಾಡುತ್ತಿದ್ದ ಹೊತ್ತಿನಲ್ಲಿ ನಮಗೆ ಎಚ್ಚರಿಕೆ ಸಿಕ್ಕಿತು. ಎಚ್ಚರಿಕೆಯ ಬೆಲೆಯೆಲ್ಲ ಅದರ ವೇಗದಲ್ಲಿರುವಾಗ ಇಷ್ಟು ವಿಳಂಬ ಸಲ್ಲದು.

ಇನ್ನು ಹೊಗೆಯ ವಿಚಾರ. ಸೊಳ್ಳೆ ಹಿಡಿಯುವುದೂ ಹೊಗೆ ಬಿಡುವುದೂ ಬೇರೆಬೇರೆ ಕೆಲಸ. ಒಂದರ ಮೇಲಿನ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿಕೊಳ್ಳಬಾರದು. ಸಾಮಾನ್ಯವಾಗಿ ಬಳಸುವ ಪೈರೆಥ್ರಾಯ್ಡ್ ಔಷಧಿಗಳು ರೇಷ್ಮೆಹುಳುವಿಗೆ ವಿಷವೆಂಬುದು ನಿಜ, ನಿಮ್ಮ ಆತಂಕ ನ್ಯಾಯವಾದದ್ದು. ಬೀದಿಯಲ್ಲಿ ಬಿಟ್ಟ ಹೊಗೆ ಮನೆಯೊಳಗೆ ಬಟ್ಟೆಗಳ ಮರೆಯಲ್ಲಿ ಕೂತ ಈಡಿಸ್ ಸೊಳ್ಳೆಯನ್ನು ಮುಟ್ಟುವುದೂ ಕಡಿಮೆ, ಮರಿಗಳಿಗಂತೂ ಅದು ಏನೂ ಮಾಡದು. ಹಾಗಾಗಿ ಹೊಗೆ ತಪ್ಪಬೇಕಾದರೆ ಮರಿಗಳನ್ನೇ ಇಲ್ಲವಾಗಿಸಬೇಕು. ವಾರಕ್ಕೊಮ್ಮೆ ನಲ್ಲಿ ನೀರು ಬರುವ ನಮ್ಮ ಬಯಲುಸೀಮೆಯಲ್ಲಿ ಡ್ರಮ್ಮು, ತೊಟ್ಟಿ, ಸಂಪುಗಳ ಜೊತೆಗೆ ನಿಮ್ಮ ಹುಳುಮನೆಯಲ್ಲೂ ಒಂದು ತಾಣವಿದೆ: ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇಡುವ ನೀರಿನ ಬಟ್ಟಲುಗಳು. ನೀರು ಬದಲಿಸಿದರೆ ಸಾಲದು, ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ ವಾರಕ್ಕೊಮ್ಮೆ ಬಟ್ಟಲುಗಳನ್ನು ತಿಕ್ಕಿ ತೊಳೆಯಬೇಕು. ಸಮೀಕ್ಷೆಯವರು ಮುಂದಿನ ಸಲ ಬಂದಾಗ ಆ ಬಟ್ಟಲುಗಳನ್ನೂ ಅವರಿಗೆ ತೋರಿಸಿ, ಹಿಂದಿನ ಸಲದ ವರದಿ ಏನಾಯಿತೆಂದೂ ಕೇಳಿ.

— ಸಂಪಾದಕ