ಇಂಟರ್ನ್‌ಶಿಪ್ ಸಮಿತಿ ಯಾರಿಗೆ ಉತ್ತರ ಕೊಡಬೇಕು?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಈ ವರ್ಷ ನನ್ನನ್ನು ಇಂಟರ್ನ್‌ಶಿಪ್ ಸಮಿತಿಯ, ಅಂದರೆ ವಿದ್ಯಾರ್ಥಿಗಳನ್ನು ಪಾಠ ಮಾಡಿ ಕಲಿಯಲು ಶಾಲೆಗಳಿಗೆ ಕಳಿಸುವ ಸಮಿತಿಯ, ಸಂಚಾಲಕಿ ಮಾಡಿದ್ದಾರೆ. ನಮ್ಮಲ್ಲಿ ಸಮಿತಿಗಳಿಗೇನೂ ಕೊರತೆ ಇಲ್ಲ, ಗೋಡೆ ಮೇಲೆ ದೊಡ್ಡ ಪಟ್ಟಿಯೇ ಇದೆ. ಆದರೆ ಸಭೆ ಸೇರುವುದು ವಿಶ್ವವಿದ್ಯಾಲಯದ ತಂಡ ಬರುವ ಮುಂಚೆ ಮಾತ್ರ. ನಡಾವಳಿ ಪುಸ್ತಕವನ್ನೂ ಆಗಲೇ ಬರೆಯುತ್ತಾರೆ. ಇದನ್ನು ನಿಜವಾಗಿ ಕೆಲಸ ಮಾಡುವ ಸಮಿತಿ ಮಾಡಲು ಎಲ್ಲಿಂದ ಶುರು ಮಾಡಲಿ ಸರ್? ಪ್ರಿನ್ಸಿಪಾಲರ ಮನಸ್ಸಿಗೂ ಬೇಜಾರಾಗಬಾರದು.

ಉತ್ತರ: ಮೇಡಂ, ಮೊದಲು ಒಂದು ಪುಟದ ಆದೇಶ ಮಾಡಿಸಿಕೊಳ್ಳಿ. ನಿಮ್ಮ ಸಮಿತಿ ಯಾವುದನ್ನು ತಾನೇ ತೀರ್ಮಾನ ಮಾಡಬಹುದು, ಯಾವುದನ್ನು ಶಿಫಾರಸು ಮಾತ್ರ ಮಾಡಬಹುದು, ಆ ಶಿಫಾರಸು ಯಾರ ಮೇಜಿಗೆ ಹೋಗುತ್ತದೆ, ಅವರು ಎಷ್ಟು ದಿನದೊಳಗೆ ಉತ್ತರ ಕೊಡಬೇಕು. ಇಷ್ಟು ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿ. ಗೋಡೆ ಮೇಲಿನ ಪಟ್ಟಿಯಲ್ಲಿ ಹೆಸರುಗಳಿರುತ್ತವೆ, ಅಧಿಕಾರ ಏನು ಅಂತ ಇರುವುದಿಲ್ಲ. ಸಮಿತಿಗಳು ಸುಮ್ನೆ ಕೂರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಸದಸ್ಯರು ಸೋಮಾರಿಗಳು ಅಂತಲ್ಲ.

ನಿಮ್ಮ ಸಮಿತಿಯ ಮೇಲೆ ಎಷ್ಟೊಂದು ಕಣ್ಣುಗಳಿವೆ ನೋಡಿ. ಕೋರ್ಸಿಗೆ ಮಾನ್ಯತೆ ಕೊಡುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಅದರ ಕಾಯ್ದೆ 1993ರದ್ದು. ಸಂಯೋಜನೆ (ಅಫಿಲಿಯೇಶನ್) ಕೊಡುವುದು ವಿಶ್ವವಿದ್ಯಾಲಯ, ಅದಕ್ಕಾಗಿ ಸ್ಥಳೀಯ ವಿಚಾರಣಾ ಸಮಿತಿ ಬಂದು ತಪಾಸಣೆ ಮಾಡುತ್ತದೆ. ಪಠ್ಯಕ್ರಮ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ ತಯಾರಾಗಿ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬೇರೆ ಇದೆ. ಕಾಲೇಜಿಗೆ ತನ್ನದೇ ಆಡಳಿತ ಮಂಡಳಿಯೂ ಇದೆ. ಇವರೆಲ್ಲ ಜಾಸ್ತಿ ನೋಡುವುದು ಕಾಗದ, ಅದೂ ಕೆಲಸ ಮುಗಿದ ಮೇಲೆ. ಮಳವಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಿಮ್ಮ ಪ್ರಶಿಕ್ಷಣಾರ್ಥಿ ಎಂಟನೇ ತರಗತಿ ಮುಂದೆ ನಿಂತು ಏನು ಮಾಡುತ್ತಿದ್ದಾಳೆ ಎಂದು ಆ ದಿನವೇ ತಿಳಿಯಬಲ್ಲದ್ದು ನಿಮ್ಮ ಸಮಿತಿ ಒಂದೇ. ಕಾಲೇಜಿನ ಬೇರೆಲ್ಲ ಸಮಿತಿಗಳಿಗಿಂತ ಇದು ಮುಖ್ಯ ಅಂತ ನಾನು ಹೇಳುವುದು ಅದಕ್ಕೇ.

ಎನ್‌ಸಿಟಿಇಯ 2014ರ ನಿಯಮಗಳನ್ನು ತೆಗೆದು ಮುಂದಿಟ್ಟುಕೊಳ್ಳಿ. ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯೊಂದಿಗಿನ ಕೆಲಸ ಒಟ್ಟು 20 ವಾರ. ಮೊದಲ ವರ್ಷ 4, ಎರಡನೇ ವರ್ಷ 16. ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಬೇಕು, ತರಗತಿಯ ಪಾಠಗಳಿಗೆ ಶೇ. 80 ಸಾಕು. ಇನ್ನೊಂದು ಮಾತನ್ನು ಎಷ್ಟೋ ಜನ ಗಮನಿಸಿರುವುದೇ ಇಲ್ಲ. 1000 ಮಕ್ಕಳವರೆಗಿನ ಶಾಲೆಗೆ 10ಕ್ಕಿಂತ ಹೆಚ್ಚು ಪ್ರಶಿಕ್ಷಣಾರ್ಥಿಗಳನ್ನು, 2000 ಮಕ್ಕಳವರೆಗಿನ ಶಾಲೆಗೆ 20ಕ್ಕಿಂತ ಹೆಚ್ಚು ಜನರನ್ನು ಕಳಿಸುವಂತಿಲ್ಲ. ನೂರೈವತ್ತು ಮಕ್ಕಳಿರುವ ಹಳ್ಳಿ ಶಾಲೆಗೆ ಬಸ್ ಸೌಕರ್ಯ ಇದೆ ಅನ್ನುವ ಒಂದೇ ಕಾರಣಕ್ಕೆ ಹದಿನೈದು ಜನರನ್ನು ಕಳಿಸಿದರೆ ಏನಾಗುತ್ತದೆ? ಅವರಿಗೆ ಪೀರಿಯಡ್ ಸಿಗುವುದಿಲ್ಲ. ಮಕ್ಕಳಿಗೆ ವಾರಕ್ಕೊಬ್ಬ ಹೊಸ ಮೇಷ್ಟ್ರು. ಹೆಡ್‌ಮಾಸ್ಟರಿಗೆ ತಲೆನೋವು. ಹಾಗಾಗಿ ಯಾವ ಶಾಲೆಗೆ ಎಷ್ಟು ಜನ ಎಂಬ ತೀರ್ಮಾನ ಸಮಿತಿಯದ್ದೇ ಆಗಿರಲಿ. ಆದೇಶದಲ್ಲಿ ಇದನ್ನು ಮೊದಲ ಸಾಲಿಗೆ ಹಾಕಿಸಿ.

ಶಾಲೆಯವರೂ ಸಮಿತಿಯಲ್ಲಿರಲಿ. ಇಬ್ಬರು ಹೆಡ್‌ಮಾಸ್ಟರುಗಳು ಸಾಕು, ಒಬ್ಬರು ಸರ್ಕಾರಿ ಶಾಲೆಯವರು, ಒಬ್ಬರು ಅನುದಾನಿತ ಶಾಲೆಯವರು. ವರ್ಷಕ್ಕೊಮ್ಮೆ ಬದಲಾಯಿಸಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಕ್ಯಾಂಪಸ್ಸಿನಲ್ಲೇ ತನ್ನದೊಂದು ಪ್ರಾತ್ಯಕ್ಷಿಕೆ ಶಾಲೆ ಇದೆ, ಕಲಿಸುವವರೂ ಶಾಲೆಯೂ ಒಂದೇ ಆವರಣದಲ್ಲಿ. ನಿಮ್ಮಂಥ ಕಾಲೇಜುಗಳಿಗೆ ಆ ಅನುಕೂಲ ಇಲ್ಲ. ಶಾಲೆ ಬೇರೆಯವರದ್ದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಅನುಮತಿ ಬೇಕು, ಪರೀಕ್ಷೆ ಹತ್ತಿರ ಬಂದರೆ ಎಸ್‌ಎಸ್‌ಎಲ್‌ಸಿ ತರಗತಿ ಬಿಟ್ಟುಕೊಡುವುದಿಲ್ಲ. ಹೆಡ್‌ಮಾಸ್ಟರು ಸಭೆಯಲ್ಲಿ ಕೂತಿದ್ದರೆ ಇದೆಲ್ಲ ವೇಳಾಪಟ್ಟಿ ಹಾಕುವಾಗಲೇ ಗೊತ್ತಾಗುತ್ತದೆ.

ಈಗ ನಡಾವಳಿ. ಸೇರದ ಸಭೆಗೆ ನಡಾವಳಿ ಬರೆದರೆ ಅದು ಸುಳ್ಳು ದಾಖಲೆ. ಅದಕ್ಕೆ ಸಹಿ ಹಾಕಬೇಡಿ. ಇದರಲ್ಲಿ ರಾಜಿ ಬೇಡ. ಬದಲಿಗೆ ತಿಂಗಳಿಗೊಂದು ಸಭೆ ಸೇರಿ, ಅರ್ಧ ಗಂಟೆ ಸಾಕು. ಹಿಂದಿನ ಸಭೆಯ ತೀರ್ಮಾನಗಳನ್ನು ಓದಿ, ಪ್ರತಿಯೊಂದರ ಪಕ್ಕ ಯಾರು ಮಾಡಬೇಕಿತ್ತು, ಆಯಿತೇ ಇಲ್ಲವೇ ಎಂದು ಬರೆದ ಮೇಲೆ ಹೊಸ ವಿಷಯ ಎತ್ತಿಕೊಳ್ಳಿ. ‘ಚರ್ಚಿಸಲಾಯಿತು’ ಅಂತ ಬರೆದರೆ ಏನೂ ಬರೆದಂತಾಗಲಿಲ್ಲ.

ಪ್ರಿನ್ಸಿಪಾಲರ ವಿಷಯ. ವರ್ಷಕ್ಕೆ 100 ಜನರನ್ನು ಸೇರಿಸಿಕೊಳ್ಳುವ, ಅಂದರೆ ಎರಡೂ ವರ್ಷ ಸೇರಿ 200 ವಿದ್ಯಾರ್ಥಿಗಳಿರುವ ಕಾಲೇಜಿಗೆ ನಿಯಮದ ಪ್ರಕಾರ 16 ಬೋಧಕರು ಬೇಕು. ನಿಮ್ಮಲ್ಲಿ ಅಷ್ಟಿಲ್ಲದಿದ್ದರೆ ಶಾಲೆಗೆ ಹೋಗಿ ಪಾಠ ನೋಡುವವರೇ ಸಿಗುವುದಿಲ್ಲ. ‘ಇಷ್ಟು ಶಾಲೆಗಳಿಗೆ ವಾರಕ್ಕೊಮ್ಮೆ ಹೋಗಲು ಇಷ್ಟು ಜನ ಕಡಿಮೆ ಇದ್ದಾರೆ’ ಎಂದು ಸಮಿತಿ ಲೆಕ್ಕ ಬರೆದು ಕೊಟ್ಟರೆ, ಪ್ರಿನ್ಸಿಪಾಲರು ಅದನ್ನು ಆಡಳಿತ ಮಂಡಳಿ ಮುಂದೆ ಇಡಬಹುದು. ಒಬ್ಬರೇ ಬಾಯಿಮಾತಲ್ಲಿ ಕೇಳುವುದಕ್ಕೂ ಸಮಿತಿಯ ಕಾಗದ ಹಿಡಿದು ಕೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಅವರಿಗೆ ಇದನ್ನು ಹೀಗೇ ಹೇಳಿ. ಬೇಜಾರು ಮಾಡಿಕೊಳ್ಳಲಾರರು.

ಪ್ರಶ್ನೆ: ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ಇಂಟರ್ನ್‌ಶಿಪ್‌ನ ಇಂಟರ್ನಲ್ ಅಂಕ ತುಂಬ ಕಡಿಮೆ ಬಂದಿದೆ. ನನ್ನ ಪಾಠ ನೋಡಲು ಯಾರೂ ಶಾಲೆಗೆ ಬಂದೇ ಇಲ್ಲ. ಯಾರಿಗೆ ದೂರು ಕೊಡಲಿ?

ಉತ್ತರ: ಮೊದಲು ಅಂಕ ಯಾವುದರ ಮೇಲೆ ಕೊಟ್ಟರು ಎಂದು ಬರಹದಲ್ಲಿ ಕೇಳಮ್ಮ. ಆಂತರಿಕ ಮೌಲ್ಯಮಾಪನದ ಆಧಾರ ಪಾರದರ್ಶಕವಾಗಿರಬೇಕು ಎಂದು ಎನ್‌ಸಿಟಿಇ ನಿಯಮವೇ ಹೇಳುತ್ತದೆ. ನಿನ್ನ ಪಾಠ ವೀಕ್ಷಣೆಯ ಹಾಳೆಗಳು ಎಂದು ಏನಾದರೂ ಇದ್ದರೆ ಅವು, ಅವುಗಳ ಮೇಲಿನ ದಿನಾಂಕ, ಶಾಲೆಯ ಹಾಜರಿ ಪುಸ್ತಕದ ಪ್ರತಿ, ಇವನ್ನು ಜೋಡಿಸಿಟ್ಟುಕೋ.

ಉತ್ತರ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಅರ್ಜಿ ಕೊಡು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮದ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು, ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರಾಗಿರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅಲ್ಲಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಗೆ, ಮೇಲ್ಮನವಿ ಹೋಗಬಹುದು.

ಒಂದು ಎಚ್ಚರಿಕೆ. ‘ಅಂಕ ಜಾಸ್ತಿ ಮಾಡಿ’ ಎಂದು ಬರೆಯಬೇಡ. ಮರುಮೌಲ್ಯಮಾಪನ ಕೇಳುವ ಅರ್ಜಿಯನ್ನು ಓಂಬುಡ್ಸ್‌ಪರ್ಸನ್ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಬೇಕು. ನಿನ್ನ ವಿಷಯದಲ್ಲಿ ಲೋಪ ಸ್ಪಷ್ಟವಾಗಿದೆ. ಪಾಠ ನೋಡದೆ ಅಂಕ ಕೊಟ್ಟಿದ್ದಾರೆ. ಅದನ್ನೇ ಮೊದಲ ಸಾಲಿನಲ್ಲಿ ಬರಿ, ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಗೆ ಆಫೀಸಿನ ಸೀಲು ಮತ್ತು ದಿನಾಂಕ ಹಾಕಿಸಿಕೋ. ಸಮಿತಿ ವರದಿ ಕೊಡಬೇಕಾದ 15 ಕೆಲಸದ ದಿನಗಳ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ.